ಇಟ್ಟಮಡುವಿನಿಂದ ಸಂಗಮಕ್ಕೆ, ಒಂದು ಬುಟ್ಟಿ ಚರಗ

ಡಿಸೆಂಬರ್ ಬಂತೆಂದರೆ ನಮ್ಮ ಯಜಮಾನರ ತಲೆಗೆ ಮಂಕಿ ಟೋಪಿ ಬರುತ್ತದೆ, ಬಾಯಿಗೆ ಟೂರಿನ ಮಾತು ಬರುತ್ತದೆ. ಇಟ್ಟಮಡುವಿನ ನಮ್ಮ ಕಟ್ಟಡದಲ್ಲಿ ನಾವು ಕೆಳಗೆ, ಬಾಡಿಗೆಯವರು ಮೇಲೆ. ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದು, ತಳ್ಳುಗಾಡಿಗಳ ಮೇಲೆ ಸೊಗಡು ಅವರೆಕಾಯಿ ರಾಶಿ ಬಿದ್ದು, ಬೇಕರಿಯವನು ಗಾಜಿನ ಪೆಟ್ಟಿಗೆಯಲ್ಲಿ ಪ್ಲಮ್ ಕೇಕು ಜೋಡಿಸುವ ಹೊತ್ತಿಗೆ ಮಕ್ಕಳಿಗೆ ಕ್ರಿಸ್ಮಸ್ ರಜೆ ಶುರುವಾಗುತ್ತದೆ. ಆ ರಜೆಯಲ್ಲಿ ಒಂದು ದಿನ ಗೇಟಿಗೆ ಬೀಗ ಹಾಕಿ, ಇಡೀ ಕಟ್ಟಡವೇ ಟೆಂಪೊ ಟ್ರಾವೆಲರ್ ಹತ್ತಿ ಕಾವೇರಿ ಕಡೆಗೆ ಹೊರಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ.

ಇದನ್ನು ಶುರು ಮಾಡಿದವರು ನನ್ನ ಮಾವನವರು. ವರ್ಷವೆಲ್ಲ ಒಂದೇ ಮೆಟ್ಟಿಲು ಹತ್ತಿ ಇಳಿಯುವ ಜನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಒಂದು ದಿನವಾದರೂ ಒಂದೇ ಜಮಖಾನದ ಮೇಲೆ ಕೂತು ಉಣ್ಣಲಿ ಎಂಬುದು ಅವರ ವಾದ. ನಿಯಮ ಒಂದೇ, ಮನೆಗೊಂದು ಅಡುಗೆ. ಹೋಟೆಲಿನಿಂದ ಕಟ್ಟಿಸಿಕೊಂಡು ಬಂದರೆ ಮಾವನವರು ಡಬ್ಬಿಯ ಮುಚ್ಚಳವನ್ನೂ ತೆಗೆಯಗೊಡುತ್ತಿರಲಿಲ್ಲ. ಅವರು ಹೋದ ಮೇಲೆ ಆ ಕೆಲಸ ನನ್ನದಾಯಿತು. ನಾನು ಅವರಿಗಿಂತ ಜೋರು ಎಂದು ಬಾಡಿಗೆಯವರು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ತಲಕಾಡು, ಮುತ್ತತ್ತಿ, ಶ್ರೀರಂಗಪಟ್ಟಣ ಎಲ್ಲ ನೋಡಿದ್ದಾಗಿದೆ. ಆದರೆ ಯಜಮಾನರಿಗೆ ಹಿಡಿಸಿದ್ದು ಕನಕಪುರದ ಆಚೆಯ ಸಂಗಮ. ಅಲ್ಲಿ ಅರ್ಕಾವತಿ ಬಂದು ಕಾವೇರಿಯನ್ನು ಸೇರುತ್ತದೆ. ಗಾಡಿ ಹೊರಟು ತಲಘಟ್ಟಪುರ ದಾಟುವುದರೊಳಗೆ ಅವರು ಪ್ರತಿ ವರ್ಷದ ಜೋಕು ಬಿಡುತ್ತಾರೆ. "ನಮ್ಮ ಬೀದಿ ಮೋರಿ ನೀರು ವೃಷಭಾವತಿಗೆ ಹೋಗುತ್ತೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ. ಅಲ್ಲಿಗೆ, ನಾವ್ ಹೋಗ್ತಿರೋದು ನಮ್ಮನೆ ಮೋರಿ ಎಲ್ಲಿಗೆ ಸೇರುತ್ತೆ ಅಂತ ನೋಡಕ್ಕೆ!" ತಿಂಡಿ ತಿನ್ನುವವರ ಮುಂದೆ ಮೋರಿ ಮಾತು ಬೇಡ ಎಂದು ನಾನು ಗದರುತ್ತೇನೆ. ಆದರೂ ಮನಸ್ಸಿನಲ್ಲಿ ಸಂತೋಷವಾಗುತ್ತದೆ. ನಮ್ಮ ಬಡಾವಣೆಯ ಈ ಇಳಿಜಾರು ಎಷ್ಟೇ ಕಾಂಕ್ರೀಟು ಸುರಿದುಕೊಂಡರೂ ಕಾವೇರಿಯ ಕಣಿವೆಯದೇ ಮಗಳು ಅಂತ.

ನಾನೀಗ ಹೇಳಹೊರಟಿದ್ದು ಅವ್ವ ನಮ್ಮ ಜೊತೆ ಬಂದ ವರ್ಷದ ಮಾತು.

ಎರಡನೇ ಮಹಡಿಯಲ್ಲಿ ಬಾಗಲಕೋಟೆ ಕಡೆಯ ಗಂಡ ಹೆಂಡತಿ ಇದ್ದಾರೆ. ಹೆಂಡತಿ ಬಿಟಿಎಂನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಬಾಣಂತನ ಮುಗಿಸಿ ಅವಳು ಕೆಲಸಕ್ಕೆ ಮರಳಿದಾಗ, ಕೂಸನ್ನು ನೋಡಿಕೊಳ್ಳಲು ಅವಳ ತಾಯಿ ಊರಿನಿಂದ ಬಂದರು. ಮಗಳು ಕರೆಯುವುದು ಕೇಳಿ ಕೇಳಿ ಕಟ್ಟಡವೆಲ್ಲ ಅವರನ್ನು "ಅವ್ವ" ಎಂದೇ ಕರೆಯತೊಡಗಿತು. ನನ್ನದೇ ಓರಗೆಯ ಹೆಂಗಸು. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ, ಕೂಸು ಸೊಂಟದ ಮೇಲೆ. ಇಷ್ಟು ದೊಡ್ಡ ಊರಿಗೆ ಬಂದು ಇಷ್ಟು ಕಡಿಮೆ ಹೆದರಿದವರನ್ನು ನಾನು ಕಂಡಿಲ್ಲ. ಬಂದ ವಾರಕ್ಕೇ ಹೂವಿನವಳ ಜೊತೆ, ಕಸದ ಗಾಡಿಯವನ ಜೊತೆ, ಎದುರು ಮನೆಯ ನಾಯಿಯ ಜೊತೆ ಮಾತು ಬೆಳೆಸಿದ್ದರು. ಆ ನಾಯಿ ನನಗೆ ಇವತ್ತಿಗೂ ಬೊಗಳುತ್ತದೆ, ಅವರನ್ನು ಕಂಡರೆ ಬಾಲ ಅಲ್ಲಾಡಿಸುತ್ತಿತ್ತು.

ಒಂದು ಬೆಳಿಗ್ಗೆ ಟೆರೇಸಿನಲ್ಲಿ ಬಟ್ಟೆ ಹರವುತ್ತಿದ್ದಾಗ ಕೇಳಿದರು, "ಅಕ್ಕಾರ, ನಿಮ್ಮದು ಹೊಲಾ ಎಲ್ಲಿ ಬರ್ತೈತ್ರಿ?"

"ಇಲ್ಲೇ! ನೀವ್ ನಿಂತಿದೀರಲ್ಲ, ಇದೇ ನಮ್ಮ ಹೊಲ" ಎಂದು ನಾನು ಕಾಲು ಕುಟ್ಟಿ ತೋರಿಸಿದೆ. "ರಾಗಿ ಬೆಳೀತಿದ್ವಿ, ಸಾಲಲ್ಲಿ ಅವರೆ ಹಾಕ್ತಿದ್ವಿ. ನಾನು ಮದ್ವೆ ಆಗಿ ಬಂದ ಮೊದಲ್ನೇ ಚಳಿಗಾಲದಲ್ಲಿ ಅವರೆಕಾಯಿ ಬಿಡಿಸಿದ್ದು ಇಲ್ಲೇ. ಆಮೇಲೆ ಸುತ್ತ ಎಲ್ಲಾ ಲೇಔಟ್ ಆಯ್ತು. ನಮಗೂ ಒಂದಿಷ್ಟು ಉಳೀತು, ಮನೆ ಕಟ್ಟಿದ್ವಿ."

ಅವ್ವ ಕಾಲ ಕೆಳಗಿನ ಸಿಮೆಂಟನ್ನೇ ನೋಡುತ್ತ ನಿಂತರು. "ಮತ್ತ ಈಗ ಆಕಿಗೆ ಯಾರ್ ಉಣಸ್ತಾರ್ರಿ?"

"ಯಾರಿಗೆ?"

"ಭೂಮ್ತಾಯಿಗ್ರಿ."

ನಾನು ನಕ್ಕೆ. "ಅಯ್ಯೋ, ಅವಳೇ ಬಾಡಿಗೆ ಎತ್ತಿ ನಮಗೆ ಉಣಿಸ್ತಿದಾಳೆ ಬಿಡಿ ಅವ್ವ."

ಅವರೂ ನಕ್ಕರು, ಆದರೆ ಸ್ವಲ್ಪ ತಡವಾಗಿ ನಕ್ಕರು.

ಡಿಸೆಂಬರ್ ಕೊನೆಯ ಹೊತ್ತಿಗೆ ಅವರ ಮಗಳು ಒಂದು ಸಂಜೆ ಕೆಳಗಿಳಿದು ಬಂದಳು. ಮುಖ ಸಣ್ಣದಾಗಿತ್ತು. "ಆಂಟಿ, ರಜಾದಾಗ ಎಳ್ಳ ಅಮಾಸಿ ಬರ್ತದ್ರಿ. ನಮ್ಮ ಕಡೆ ಅವತ್ತು ಎಲ್ಲಾರೂ ಬುಟ್ಟಿ ಕಟ್ಕೊಂಡು ಹೊಲಕ್ಕ ಹೋಗಿ, ಭೂಮ್ತಾಯಿಗೆ ಚರಗ ಚೆಲ್ಲಿ, ಅಲ್ಲೇ ಕುಂತು ಉಣ್ತಾರ್ರಿ. ಅವ್ವ ಮದುವಿ ಆದಾಗಿಂದ ಒಂದು ವರ್ಷಾನೂ ತಪ್ಪಿಸಿಲ್ರಿ. ಈ ಸಲ ಕೂಸಿನ ಸಲುವಾಗಿ ಇಲ್ಲೇ ಉಳದಾಳ. ಚರಗ ಚೆಲ್ಲದ ನಾ ಉಣ್ಣಂಗಿಲ್ಲ, ನೀವು ಉಣ್ರಿ ಅಂತ ಈಗಿಂದನ ಹೇಳಾಕತ್ಯಾಳ್ರಿ."

ಚರಗ ಎಂದರೆ ಅವತ್ತು ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿದ ನೈವೇದ್ಯ. ಅದನ್ನು ಹೊಲದ ತುಂಬ ಎರಚುತ್ತಾರೆ. ಇಷ್ಟು ಕೇಳಿದ್ದೇ ತಡ, ನಾನು ನನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿ ತೀರ್ಮಾನ ಕೊಟ್ಟೆ. ಈ ಸಲದ ಟೂರು ಅಮಾವಾಸ್ಯೆಯ ದಿನವೇ. ಸಂಗಮಕ್ಕೇ. ನಮ್ಮ ಕಡೆ ದೇವರಿಗೆ ಕೊಟ್ಟಿದ್ದೆಲ್ಲ ಕೊನೆಗೆ ಸೇರುವುದು ನೀರಿಗೆ. ಗಣೇಶನಿಂದ ಹಿಡಿದು ಬಾಡಿದ ಹೂವಿನವರೆಗೆ ಎಲ್ಲ ನೀರಿಗೇ. ಕಾವೇರಿಗಿಂತ ದೊಡ್ಡ ತಾಯಿ ಯಾರಿದ್ದಾಳೆ? ದಡವಿದೆ, ಮರಳಿದೆ, ಉಣ್ಣಲು ನೆರಳಿದೆ. ಅಮಾವಾಸ್ಯೆಯ ದಿನ ಪ್ರಯಾಣ ಬೇಡ ಎಂದ ಮೂರನೇ ಮಹಡಿಯವರ ಬಾಯನ್ನು ಒಂದೇ ಮಾತಿನಲ್ಲಿ ಮುಚ್ಚಿಸಿದೆ. ಅವ್ವನಿಗೆ ಮಾತ್ರ ಹೆಚ್ಚೇನೂ ಹೇಳಲಿಲ್ಲ. "ಬುಟ್ಟಿ ರೆಡಿ ಮಾಡ್ಕೊಳಿ ಅವ್ವ, ಜಾಗದ್ ಚಿಂತೆ ನನಗೆ ಬಿಡಿ" ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ನಾನು ಉಬ್ಬಿಹೋದೆ.

ಹಿಂದಿನ ದಿನವೆಲ್ಲ ಕಟ್ಟಡದ ಮೆಟ್ಟಿಲ ತುಂಬ ಎಳ್ಳು ಹುರಿದ ವಾಸನೆ. ಸಜ್ಜೆ ರೊಟ್ಟಿಯ ಮೇಲೆ ಎಳ್ಳು ಒತ್ತಿ ತಟ್ಟುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನೋಡೋಣವೆಂದು ಹೋದರೆ, ಸಜ್ಜೆ ಕಡುಬು, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಕೆಂಪು ಚಟ್ನಿ. ಅಂಗೈ ಅಗಲದ ಗ್ಯಾಸ್ ಕಟ್ಟೆಯ ಮೇಲೆ ಒಂದು ಮದುವೆಮನೆ ನಡೆದಿತ್ತು. ನಾನು ನನ್ನ ಪಾಲಿನ ಚಿತ್ರಾನ್ನವನ್ನು ನೆನೆದು ಸ್ವಲ್ಪ ಕುಗ್ಗಿದೆ.

ಬೆಳಿಗ್ಗೆ ಹೊರಟಾಗ ಮಂಜು ಕವಿದಿತ್ತು. ಅಳಿಯನಿಗೆ ರಜೆ ಸಿಗಲಿಲ್ಲ, ಹಾಗಾಗಿ ಅವ್ವ, ಮಗಳು, ಕೂಸು ಮೂವರೇ ಬಂದಿದ್ದರು. ಬಿಳಿ ಬಟ್ಟೆ ಕಟ್ಟಿದ ಬುಟ್ಟಿಯನ್ನು ಅವ್ವ ಡಿಕ್ಕಿಯಲ್ಲಿಡಲು ಬಿಡಲಿಲ್ಲ, ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡರು. ಹಿಂದೆ ಹುಡುಗರ ಅಂತ್ಯಾಕ್ಷರಿ, ಮುಂದೆ ಯಜಮಾನರ ಮೋರಿ ಪುರಾಣ. ಕನಕಪುರ ದಾಟಿದ ಮೇಲೆ ಮಂಜು ಸರಿದು ಹಿಪ್ಪುನೇರಳೆ ತೋಟ, ತೆಂಗು, ಕೊಯ್ದ ರಾಗಿಯ ಮೆದೆಗಳು ಕಂಡವು. ನಂತರ ರಸ್ತೆ ಕಾಡಿನೊಳಗೆ ಹೊಕ್ಕು ಇಳಿಯುತ್ತ ಇಳಿಯುತ್ತ ಹೋಗಿ ಒಮ್ಮೆಗೇ ನದಿಯ ಮುಂದೆ ನಿಂತಿತು.

ಆ ನೋಟವನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಚಳಿಗಾಲದ ಕಾವೇರಿಗೆ ಅವಸರವಿರುವುದಿಲ್ಲ. ಬಂಡೆಗಳ ನಡುವೆ ನಿಧಾನವಾಗಿ, ಯಾರ ಹಂಗೂ ಇಲ್ಲದವಳಂತೆ ಸಾಗುತ್ತಾಳೆ. ಆಚೆ ದಡದ ಗುಡ್ಡಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ರಜೆಯ ದಿನವಾದ್ದರಿಂದ ಅರ್ಧ ಬೆಂಗಳೂರು ಅಲ್ಲೇ ಇತ್ತು. ತೆಪ್ಪದವರ ಕೂಗು, ಮೀನು ಕರಿಯುವ ಹೊಗೆ, ಮೊಣಕಾಲುದ್ದ ನೀರಲ್ಲಿ ನಿಂತು ಸೆಲ್ಫಿ ತೆಗೆಯುವ ಹುಡುಗರು, ಪ್ಯಾಂಟು ಮಡಿಸಿ ಕೂಗಾಡುವ ಅಂಕಲ್‌ಗಳು. ನಾನು ಹಿಗ್ಗಿನಿಂದ ಅವ್ವನ ಕಡೆ ತಿರುಗಿದೆ. "ನೋಡಿ ಅವ್ವ! ಹೇಗಿದೆ ಜಾಗ?"

ಅವ್ವ ನದಿಗೆ ಕೈ ಮುಗಿದರು. ನೀರು ಮುಟ್ಟಿ ಕಣ್ಣಿಗೊತ್ತಿಕೊಂಡರು, ಕೂಸಿನ ಹಣೆಗೂ ಹಚ್ಚಿದರು. ಆಮೇಲೆ ಬುಟ್ಟಿ ಹಿಡಿದು ಆ ಕಡೆ ಈ ಕಡೆ ನೋಡಿದರು.

"ಭಾಳ ಚಂದ ಐತ್ರಿ ಅಕ್ಕಾರ. ಹೊಲಾ ಎಲ್ಲೈತ್ರಿ?"

"ಹೊಲ ಯಾಕೆ? ಇಲ್ಲೇ ನೀರಿಗೆ ಬಿಡಿ."

ಅವರ ಮುಖ ಬಾಡಿದ್ದು ನನಗೆ ಕಂಡಿತು. ಆದರೂ ನನ್ನನ್ನು ನೋಯಿಸಬಾರದೆಂದು ಮಾತನ್ನು ಹುಡುಕಿ ಹುಡುಕಿ ಆಡಿದರು. "ಈಕಿ ಗಂಗವ್ವರಿ. ಈಕಿಗೂ ಶರಣು. ಆದ್ರ ಚರಗ ಈಕಿಗಲ್ರಿ. ಈ ದಿನದಾಗ ಹೊಲದಾಗ ಬೆಳಿ ನಿಂತಿರತೈತಲ್ರಿ, ಭೂಮ್ತಾಯಿ ಬಸರಿ ಇರ್ತಾಳ. ಬಸರಿ ಹೆಣಮಗಳಿಗೆ ಬಯಕಿ ಊಟ ಹಾಕ್ತೀವಲ್ರಿ, ಹಂಗ. ಹೋದ ವರ್ಷ ಈಕಿಗೆ ಹಾಕಿದ್ನೆಲ್ರಿ" ಎಂದು ಮಗಳನ್ನು ತೋರಿಸಿದರು. "ನಿಂತ ಬೆಳಿ ಬೇಕ್ರಿ ಅಕ್ಕಾರ. ಬರೇ ಉಸುಕಿಗೆ ಹ್ಯಾಂಗ ಚೆಲ್ಲಲಿ?"

ಅಷ್ಟೆಲ್ಲ ಬೀಗುತ್ತ ಕರೆತಂದ ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಆಗುತ್ತಿತ್ತು. ಕೇಳುವ ಚಾಳಿ ನಮ್ಮ ವಂಶದಲ್ಲೇ ಇಲ್ಲ, ನಮ್ಮದೇನಿದ್ದರೂ ಹೇಳುವ ಚಾಳಿ.

ಜಮಖಾನ ಹಾಸಿದ್ದಾಯಿತು. ನನ್ನ ಚಿತ್ರಾನ್ನ, ಮೂರನೇ ಮಹಡಿಯವರ ಪುಳಿಯೋಗರೆ, ಇನ್ನೊಬ್ಬರ ವಾಂಗಿಬಾತು ಎಲ್ಲ ಬಿಚ್ಚಿಕೊಂಡವು. ಅವ್ವ ನಗುನಗುತ್ತಲೇ ಎಲ್ಲರಿಗೂ ಬಡಿಸಿದರು, ಕೂಸಿಗೆ ಮೊಸರನ್ನ ಕಲಸಿ ತಿನ್ನಿಸಿದರು, ತಮ್ಮ ಬುಟ್ಟಿಯ ಗಂಟನ್ನು ಮಾತ್ರ ಬಿಚ್ಚಲಿಲ್ಲ. ಒಂದು ಗುಟುಕು ಚಹಾ ಕೂಡ ಬೇಡವೆಂದರು. "ನೀವು ಉಣ್ರಿ, ನನಗ ಹಸಿವಿ ಇಲ್ರಿ" ಎಂದು ಹೇಳಿ ಹುಡುಗರು ನೀರಾಟವಾಡುವುದನ್ನು ನೋಡುತ್ತ ಕೂತರು. ಸಿಡುಕಿ ಒಂದು ಮಾತು ಆಡಿದ್ದರೆ ನನಗೂ ಹಗುರಾಗುತ್ತಿತ್ತು. ಆಡಲಿಲ್ಲ, ಪುಣ್ಯಾತ್ಗಿತ್ತಿ.

ಯಜಮಾನರು ಕೈ ತೊಳೆಯುತ್ತ ನನ್ನ ಕಿವಿಯಲ್ಲಿ ಹೇಳಿದರು, "ಲೇ, ಬೇಗ ಹೊರಡೋಣ. ಬಿಸಿಲಿರೋವಾಗ್ಲೇ ದಾರೀಲಿ ಎಲ್ಲಾದ್ರೂ ನೋಡ್ಬೋದು." ಮೋರಿ ಮಾತು ಬಿಟ್ಟರೆ ನಮ್ಮ ಯಜಮಾನರ ತಲೆ ಚೆನ್ನಾಗಿಯೇ ಓಡುತ್ತದೆ.

ಕಾಡು ಮುಗಿದು ಊರುಗಳು ಶುರುವಾದವು. ಅವ್ವ ಕಿಟಕಿಗೆ ಮುಖವಿಟ್ಟು ಕೂತಿದ್ದರು, ನಾನೂ ಅವರ ಪಕ್ಕದಿಂದ ಕತ್ತು ಚಾಚಿ ನೋಡುತ್ತಿದ್ದೆ. ರಾಗಿ ಎಲ್ಲೆಲ್ಲೂ ಕೊಯ್ದಾಗಿತ್ತು. ಹೊಲದ ತುಂಬ ಕೂಳೆ, ಮೂಲೆಯಲ್ಲಿ ಮೆದೆ. "ಮುಗದೈತಿ... ಇದೂ ಮುಗದೈತಿ..." ಎನ್ನುತ್ತಿದ್ದರು ಅವ್ವ. ಹೊತ್ತು ಪಶ್ಚಿಮಕ್ಕೆ ವಾಲುತ್ತಿತ್ತು. ಒಂದು ತಿರುವಿನಲ್ಲಿ ಅವರು ಸೀಟಿನಿಂದಲೇ ಎದ್ದು ಕೂಗಿದರು, "ತಮ್ಮಾ, ನಿಲ್ಸಪಾ!"

ರಾಗಿ ಕೊಯ್ದ ಹೊಲವೇ. ಆದರೆ ಸಾಲು ಸಾಲಾಗಿ ಅವರೆ ಗಿಡಗಳು ನಿಂತಿದ್ದವು, ಹೂವೂ ಇತ್ತು, ಕಾಯಿಯೂ ಇತ್ತು. ರಾಗಿ ಹೋದ ಮೇಲೂ ಅವರೆ ನಿಂತೇ ಇರುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಅದೇ ಸಾಲುಗಳಲ್ಲಿ ಬೆನ್ನು ಬಗ್ಗಿಸಿದವಳು ನಾನು. ಅವರೆಯ ಸೊಗಡು ಮೂಗಿಗೆ ಬಡಿದಾಗ ಒಂದು ಕ್ಷಣ ನಾನು ಇಟ್ಟಮಡುವಿನಲ್ಲೇ ಇದ್ದೆ.

ನಾವು ಬದುವಿನ ಮೇಲೆ ನಾಲ್ಕು ಹೆಜ್ಜೆ ಇಟ್ಟಿದ್ದೆವೋ ಇಲ್ಲವೋ, ಮೆದೆಯ ಹಿಂದಿನಿಂದ ಒಬ್ಬ ಹೆಂಗಸು ಕೋಲು ಹಿಡಿದು ಬಂದಳು. "ಯಾರ್ರೀ ಅದು! ಇಳೀರಿ ಹೊಲ್ದಿಂದ! ರಜಾ ಬಂದ್ರೆ ಸಾಕು, ಗಾಡಿ ನಿಲ್ಸದು, ಕಾಯಿ ಕಿತ್ಕಂಡ್ ಹೋಗದು. ನಿಮ್ಮಪ್ಪ ಬಿತ್ತಿದ್ನಾ?"

ನನ್ನ ಬಾಯಿ ಸುಮ್ಮನಿರಬೇಕಲ್ಲ. "ನಿಮ್ಮ ಕಾಯಿ ಯಾರಿಗಮ್ಮ ಬೇಕು? ನಮ್ಮ ಬೀದೀಲಿ ಬೇಕಾದಷ್ಟು ರಾಶಿ ಬಿದ್ದಿದೆ!"

"ಹಂಗಾದ್ರೆ ಅಲ್ಲೇ ಕೊಂಡ್ಕಳ್ಳಿ, ಹೋಗಿ!"

ಕೆಲಸ ಕೆಟ್ಟಿತೆಂದುಕೊಂಡೆ. ಅಷ್ಟರಲ್ಲಿ ಅವ್ವ ಮುಂದೆ ಬಂದರು. ಬುಟ್ಟಿಯನ್ನು ಬದುವಿನ ಮೇಲಿಟ್ಟು, ಚಪ್ಪಲಿ ಬಿಟ್ಟು, ಕೈ ಮುಗಿದರು. "ತಗೊಳ್ಳಾಕ ಬಂದಿಲ್ಲವ್ವಾ. ಕೊಡಾಕ ಬಂದೀವಿ."

ಅವಳಿಗೆ ಅರ್ಥವಾಗಲಿಲ್ಲ. ಅವ್ವ ಗಂಟು ಬಿಚ್ಚಿ ತೋರಿಸಿದರು. ಕಡುಬು, ಹೋಳಿಗೆ, ರೊಟ್ಟಿ, ಪಲ್ಯ. ಬಸುರಿ ಭೂತಾಯಿಯ ಬಯಕೆಯ ಮಾತನ್ನು ಮತ್ತೊಮ್ಮೆ ಹೇಳಿದರು. ಹೊಲದವಳು ಬುಟ್ಟಿಯನ್ನೂ ಅವ್ವನ ಮುಖವನ್ನೂ ನೋಡಿದಳು. ಕೋಲು ತಾನಾಗಿ ಕೆಳಗಿಳಿಯಿತು.

"ನೀವು ಉಂಡ್ರಾ?"

"ಇಲ್ಲವ್ವಾ. ಆಕಿಗೆ ಉಣಿಸದ ನಾ ಹ್ಯಾಂಗ ಉಣ್ಲಿ?"

"ಬೆಳಗ್ಗಿಂದ್ಲೂವಾ?" ಅವಳು ನನ್ನ ಕಡೆ ತಿರುಗಿ, ಇದೆಲ್ಲ ನನ್ನದೇ ತಪ್ಪೆಂಬಂತೆ ನೋಡಿದಳು. "ಬನ್ನಿ, ಬನ್ನಿ. ನಮ್ಮಲ್ಲಿ ಕಣದಾಗೆ ರಾಶಿ ಪೂಜೆ ಮಾಡ್ತೀವಿ, ಇಂಥದ್ ಕಂಡಿರ್ಲಿಲ್ಲ ಕಣವ್ವ. ನನ್ ಹೊಲ ಉಂಡ್ರೆ ನಂಗೇನ್ ಲುಕ್ಸಾನು?"

ಅವ್ವ ಬದುವಿನಿಂದ ಐದು ಕಲ್ಲು ಆರಿಸಿ ಅವರೆ ಗಿಡದ ಬುಡದಲ್ಲಿ ಸಾಲಾಗಿಟ್ಟರು. ಅವು ಐವರು ಪಾಂಡವರೆಂದು ಅವರ ಕಡೆ ಪೂಜಿಸುತ್ತಾರಂತೆ. ಕಲ್ಲಿಗೆ ಹಚ್ಚಲು ಯಜಮಾನರ ಎಲೆಅಡಿಕೆ ಚೀಲದಿಂದ ಸುಣ್ಣ ಬಂತು, ಹೊಲದವಳ ಮನೆಯಿಂದ ಕುಂಕುಮ ಬಂತು, ಒಂದು ಚೊಂಬು ನೀರೂ ಬಂತು. ಒಂದೊಂದು ಅಡುಗೆಯನ್ನೂ ಸ್ವಲ್ಪ ಸ್ವಲ್ಪ ತೆಗೆದು ಕೈಯಿಂದ ಕಲಸಿ ಚರಗ ಮಾಡಿದ ಮೇಲೆ ಅವ್ವ ಚೊಂಬನ್ನು ನನ್ನ ಕೈಗೆ ಕೊಟ್ಟರು. "ನಾ ಚೆಲ್ಲಿಕೋತ ಮುಂದ ಹೋಗ್ತೀನ್ರಿ, ನೀವು ನೀರು ಚಿಮಕಸ್ಕೋತ ಹಿಂದ ಬರ್ರಿ. ನಾ ಹುಲ್ಲುಲ್ಲಿಗೋ ಅಂದ್ರ ನೀವು ಚಲ್ಲಾಂಬ್ರಿಗೋ ಅನ್ರಿ."

"ಹಾಗಂದ್ರೇನು ಅವ್ವ?"

"ಯಾರಿಗ್ ಗೊತ್ರಿ? ಆಕಿಗೆ ತಿಳೀತೈತಿ."

ಆಮೇಲಿನದನ್ನು ಹೇಗೆ ಹೇಳಲಿ. ಬೆಳಗಿನಿಂದ ಹನಿ ನೀರು ಕುಡಿಯದ ಆ ಜೀವ ಸೆರಗು ಸೊಂಟಕ್ಕೆ ಸಿಗಿಸಿ, ಬುಟ್ಟಿ ಎಡಗೈಯಲ್ಲಿ ಹಿಡಿದು, ಸಾಲುಗಳ ನಡುವೆ ನಡೆದ ರೀತಿಯನ್ನು ನೋಡಬೇಕಿತ್ತು. ಒಂದು ಗಿಡವನ್ನೂ ತುಳಿಯಲಿಲ್ಲ. "ಹುಲ್ಲುಲ್ಲಿಗೋ!" ಎಂದು ಕೂಗಿದರೆ ಆ ದನಿ ರಸ್ತೆಯಾಚೆಗೂ ಹೋಗುತ್ತಿತ್ತು. ನನಗೆ ಮೊದಲು ನಾಚಿಕೆಯಾಯಿತು, ಗಾಡಿಯಿಂದ ಬಾಡಿಗೆಯವರೆಲ್ಲ ನೋಡುತ್ತಿದ್ದರು. ಎರಡು ಸಾಲು ಮುಗಿಯುವಷ್ಟರಲ್ಲಿ ನಾಚಿಕೆ ಬಿಟ್ಟು ನಾನೂ "ಚಲ್ಲಾಂಬ್ರಿಗೋ!" ಎಂದು ಕೂಗುತ್ತಿದ್ದೆ. ಹುಡುಗರು ಗಾಡಿಯಿಂದಿಳಿದು ಹಿಂದೆ ಹಿಂದೆ ಬಂದರು. ಮೂರನೇ ಮಹಡಿಯವರೂ ಬಂದರು. ನೋಡನೋಡುತ್ತ ಇಡೀ ಕಟ್ಟಡವೇ ಯಾರದೋ ಅವರೆ ಹೊಲದಲ್ಲಿ ಸಾಲುಗಟ್ಟಿ ಕೂಗುತ್ತಿತ್ತು. ದೊಡ್ಡದನ್ನು ಮಾಡುತ್ತಿದ್ದೇನೆಂಬ ಭಾವವೇ ಇಲ್ಲದೆ ದೊಡ್ಡದನ್ನು ಮಾಡುವವರನ್ನು ನಾನು ಅವತ್ತು ಕಣ್ಣಾರೆ ಕಂಡೆ.

ಆಮೇಲೆ ಬದುವಿನ ಮೇಲೇ ಕೂತೆವು. ಚಿತ್ರಾನ್ನ ತಿಂದ ಹೊಟ್ಟೆಯೇ ಆದರೂ ಕಡುಬಿಗೆ ಜಾಗ ಸಿಕ್ಕಿತು. ಅವ್ವ ಮೊದಲ ತುತ್ತನ್ನು ಹೊಲದವಳಿಗೆ ಕೊಟ್ಟು, ಎರಡನೆಯದನ್ನು ತಾವು ಬಾಯಿಗಿಟ್ಟುಕೊಂಡರು. ಅವರು ಅಗಿಯುವುದನ್ನು ನೋಡಿ ನನಗೆ ಕಣ್ಣು ತುಂಬಿತು, ಖಾರದ ಚಟ್ನಿಯ ಮೇಲೆ ತಪ್ಪು ಹೊರಿಸಿದೆ. ಹೊರಡುವಾಗ ಹೊಲದವಳು ಅವ್ವನ ಮಡಿಲ ತುಂಬ ಅವರೆಕಾಯಿ ತುಂಬಿದಳು. ನನಗೂ ಕೊಟ್ಟಳು. "ನಿಮ್ ಬೀದೀಲಿ ಬೇಕಾದಂಗ್ ಬಿದ್ದದೆ ಅಂದ್ರಲ್ಲ, ಇದೂ ಇರ್ಲಿ" ಎಂದು ಕುಟುಕಿಯೇ ಕೊಟ್ಟಳು. ಕೊಡಬೇಕಾದ್ದೇ.

ಇಟ್ಟಮಡುವಿಗೆ ಬಂದಾಗ ಬೀದಿದೀಪ ಆಗತಾನೆ ಹತ್ತಿತ್ತು. ಎಲ್ಲರೂ ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಹೋದರು. ಮಗಳೂ ಕೂಸೂ ಹೋದ ಮೇಲೆ ಅವ್ವ ಗೇಟಿನ ಹತ್ತಿರವೇ ನಿಂತರು. ನಮ್ಮ ಕಾಂಪೌಂಡಿನಲ್ಲಿ ಸಿಮೆಂಟು ಬೀಳದೆ ಉಳಿದಿರುವುದು ನುಗ್ಗೆ ಮರದ ಬುಡದ ಒಂದಿಷ್ಟು ಮಣ್ಣು. ಅವ್ವ ಬುಟ್ಟಿಯ ತಳದಿಂದ ಎಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದರು. ಚರಗ. ಹೊಲದಲ್ಲಿ ಎಲ್ಲವನ್ನೂ ಚೆಲ್ಲಿರಲಿಲ್ಲ.

"ಇದು ಇಲ್ಲೀದ್ರಿ" ಎಂದು ನನ್ನ ಕೈಗಿಟ್ಟರು. "ನಿಮ್ಮ ಹೊಲಾ. ನೀವ ಚೆಲ್ರಿ."

ಟೆರೇಸಿನ ಮೇಲೆ ಕಾಲು ಕುಟ್ಟಿ ತೋರಿಸಿದ್ದು ನೆನಪಾಯಿತು. ಅವತ್ತು ನಾನು ತಮಾಷೆ ಮಾಡಿ ಮರೆತಿದ್ದೆ. ಇವರು ಮರೆತಿರಲಿಲ್ಲ. ಆದರೂ ಹೊಸದಾಗಿ ಕಲಿತ ಪಾಠ ಒಪ್ಪಿಸದೆ ಇರಲಾಗಲಿಲ್ಲ. "ನಿಂತ ಬೆಳೆ ಬೇಕು ಅಂದ್ರಲ್ಲ ಅವ್ವ. ಇಲ್ಲಿ ಬೆಳೆ ಎಲ್ಲಿದೆ?"

ಅವ್ವ ಕತ್ತೆತ್ತಿ ಕಟ್ಟಡವನ್ನು ನೋಡಿದರು. ಒಂದೊಂದೇ ಕಿಟಕಿಯಲ್ಲಿ ದೀಪ ಹತ್ತುತ್ತಿತ್ತು. ಮೂರನೇ ಮಹಡಿಯಲ್ಲಿ ಕುಕ್ಕರ್ ಕೂಗಿತು. ಎರಡನೆಯದರಲ್ಲಿ ಕೂಸು ಎಚ್ಚರವಾಗಿ ಅಳತೊಡಗಿತು.

"ಇಷ್ಟ್ ಮಂದಿ ನಿಂತಾರಲ್ರಿ ಆಕಿ ಮ್ಯಾಲೆ" ಎಂದರು. "ಇನ್ನ ಯಾವ ಬೆಳಿ ಬೇಕ್ರಿ?"

ನಾನು ಚಪ್ಪಲಿ ಬಿಟ್ಟೆ. ಮದುವೆಯಾಗಿ ಬಂದ ವರ್ಷ ಬರಿಗಾಲಲ್ಲಿ ಓಡಾಡಿದ ಮಣ್ಣು, ಉಳಿದಿದ್ದು ಒಂದು ಮೊರದಗಲ. ನುಗ್ಗೆ ಮರದ ಸುತ್ತ ಚರಗ ಎರಚುತ್ತ "ಹುಲ್ಲುಲ್ಲಿಗೋ" ಎಂದೆ. ಎದುರು ಮನೆಯ ನಾಯಿ ಬೊಗಳಿತು. ಅವ್ವ ಗೇಟಿನ ನಲ್ಲಿಯಿಂದ ಅಂಗೈಯಲ್ಲಿ ನೀರು ಹಿಡಿದು ತಂದು ನನ್ನ ಹಿಂದೆ ಚಿಮುಕಿಸುತ್ತ, ಇಡೀ ಬೀದಿಗೆ ಕೇಳುವಂತೆ ಓಗೊಟ್ಟರು.